ಗ್ಲಾಸ್ಗೋದಲ್ಲೊಂದು ಸುಳ್ಳು ಹುಟ್ಟುಹಬ್ಬ

ಬ್ಯಾಡಗಿ

ಪರದೇಶಕ್ಕೆ ಹೋಗಿಬಂದವರೆಲ್ಲ ಮೊದಲು ವಿಮಾನದ ಸುದ್ದಿ ಹೇಳುತ್ತಾರೆ. ನನ್ನ ಹತ್ತಿರ ಆ ಸುದ್ದಿ ಇಲ್ಲ. ಹತ್ತಿದ ಕೂಡಲೇ ನಿದ್ದೆ ಬಂತು, ಇಳಿಯುವಾಗ ನಮ್ಮ ಯಜಮಾನರು ಎಬ್ಬಿಸಿದರು. “ಮುಗಿಲಿನ ಮ್ಯಾಲೆ ಹೊಂಟಿದ್ವಿ, ಈಕಿ ಗೊರಕಿ ಹೊಡಿಯಾಕತ್ತಿದ್ಲು” ಎಂದು ಅವರು ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಲಿ. ನಾನು ಹೇಳಬೇಕಾದದ್ದು ನೆಲದ ಮೇಲೆ ಕಂಡದ್ದು.

ನಾನು ಬ್ಯಾಡಗಿಯಲ್ಲಿ ಸರ್ಕಾರಿ ಡಾಕ್ಟರು. ಎರಡು ಸಾವಿರದ ಆರರ ಬೇಸಿಗೆಯ ಕೊನೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಎರಡು ವಾರದ ಒಂದು ತರಗತಿಗೆ ಹೋಗಿದ್ದೆ. ತರಗತಿಯ ವಿಷಯ ಕೇಳಿದವರು ನಗುತ್ತಾರೆ. ಬಡವರಿಗೆ ರೋಗ ಹೆಚ್ಚು, ಆಯುಷ್ಯ ಕಡಿಮೆ ಎಂಬುದು ಯಾರಿಗೆ ಗೊತ್ತಿಲ್ಲ? ಆದರೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳಬೇಕಾದರೆ ಮೊದಲು ಯಾರು ಯಾವ ಮೆಟ್ಟಿಲ ಮೇಲೆ ನಿಂತಿದ್ದಾರೆ ಎಂದು ಅಳೆಯಬೇಕು. ಆದಾಯದಿಂದ ಅಳೆಯಬೇಕೋ, ಉದ್ಯೋಗದಿಂದಲೋ, ಓದಿನಿಂದಲೋ, ಮನೆಯ ಗೋಡೆ ನೋಡಿಯೋ? ಅದನ್ನೇ ಅಲ್ಲಿ ಕಲಿಸುತ್ತಿದ್ದರು. “ಇದಕ್ಕ ಅಷ್ಟು ದೂರ ಯಾಕ ಹೋಗಬೇಕು? ನಮ್ಮ ಅಂಗಡ್ಯಾಗ ಬಂದು ಕುಂದ್ರು, ಕಾಲಾಗಿನ ಚಪ್ಪಲಿ ನೋಡಿ ನಾ ಹೇಳ್ತೇನಿ” ಎಂದರು ನಮ್ಮ ಯಜಮಾನರು. ಅವರು ಮೆಣಸಿನಕಾಯಿ ವ್ಯಾಪಾರಿ. ಪೇಟೆಯ ಸೀಸನ್ ಮುಗಿದಿತ್ತು, ಹಾಗಾಗಿ ಚಪ್ಪಲಿ ನೋಡುವುದನ್ನು ಬಿಟ್ಟು ನನ್ನ ಜೊತೆ ಹೊರಟುಬಂದರು.

ನಾನು ಹೋದದ್ದು ಬರೀ ಕಲಿಯುವುದಕ್ಕಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ತಾಲೂಕಿನಲ್ಲಿ ನಮ್ಮ ಹುಡುಗಿಯರು ಮನೆಮನೆ ಸುತ್ತಿ ಎಳೆಗೂಸಿನ ತಾಯಂದಿರನ್ನು ಮಾತಾಡಿಸಿ ಬಂದಿದ್ದರು. ಹಲವು ದೇಶಗಳು ಕೂಡಿ ಮಾಡುವ ಒಂದು ಅಧ್ಯಯನದಲ್ಲಿ ನಮ್ಮನ್ನು ಸೇರಿಸಿಕೊಂಡರೆ, ಈ ಮೂರು ತಾಲೂಕಿನಲ್ಲಿ ಹುಟ್ಟುವ ಪ್ರತಿ ಕೂಸಿನ ಮನೆಗೂ ವರ್ಷ ತುಂಬುವವರೆಗೆ ಒಬ್ಬ ನರ್ಸು ಹೋಗಿಬರುವ ಏರ್ಪಾಡಾಗುತ್ತಿತ್ತು. ಅದು ನನ್ನ ಎಷ್ಟೋ ವರ್ಷಗಳ ಆಸೆ. ಸೇರಿಸುವುದೋ ಬಿಡುವುದೋ ಎಂಬುದು ತರಗತಿಯ ಕೊನೆಯ ದಿನ ತೀರ್ಮಾನವಾಗುವುದಿತ್ತು.

ಮನಸ್ಸಿನಲ್ಲಿ ಅಳುಕಿತ್ತು. ನಮ್ಮ ಮಂದಿಯನ್ನು ಅಳೆಯುವುದು ಸುಮ್ಮನಲ್ಲ. ಹಾವೇರಿ ಹತ್ತಿರದ ಅಗಡಿ ಊರಿನಲ್ಲಿ ಮಹಡಿ ಮನೆಯ ಯಜಮಾನನನ್ನು “ಹ್ಯಾಂಗ ನಡದೈತ್ರಿ?” ಎಂದರೆ “ಏನೋ, ಹೊಟ್ಟಿ ಬಟ್ಟಿಗೆ ಆಗತೈತಿ” ಎನ್ನುತ್ತಾನೆ. ದೃಷ್ಟಿ ತಾಗೀತು ಎಂಬ ಹೆದರಿಕೆ. ಅದೇ ಓಣಿಯಲ್ಲಿ ಕೂಲಿಗೆ ಹೋಗುವವಳೂ “ಹೊಟ್ಟಿ ಬಟ್ಟಿಗೆ ಆಗತೈತ್ರಿ” ಎನ್ನುತ್ತಾಳೆ. ಮರ್ಯಾದೆ ಹೋದೀತು ಎಂಬ ಹೆದರಿಕೆ. ಉದ್ಯೋಗ ಏನು ಎಂದರೆ ಇಬ್ಬರದೂ ಒಕ್ಕಲುತನ. ಇವರಲ್ಲಿ ಯಾರನ್ನು ಯಾವ ಮೆಟ್ಟಿಲಿಗೆ ಹತ್ತಿಸುತ್ತೀರಿ?

ಜೀನ್ ಅವರ ಮನೆ

ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಜೀನ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯ ಮಾಳಿಗೆ ಕೋಣೆ. ಸಣ್ಣ ಆಳು, ಚುರುಕು ನಡೆ. ಬಾಗಿಲು ತೆರೆದವರೇ ಮಳೆಗಾಗಿ ಕ್ಷಮೆ ಕೇಳಿದರು. ಮಳೆ ಅವರು ಸುರಿಸಿದ್ದಲ್ಲ, ಆದರೂ ಕೇಳಿದರು. ಆ ಊರಿನಲ್ಲಿ ಕಾಲು ತುಳಿಸಿಕೊಂಡವರೇ ತುಳಿದವರ ಕ್ಷಮೆ ಕೇಳುವುದನ್ನು ಆಮೇಲೆ ಬಸ್ಸಿನಲ್ಲಿ ಕಂಡೆ.

ನಮ್ಮ ಯಜಮಾನರು ಕಿಟಕಿಯಲ್ಲಿ ನಿಂತು, “ಇದು ಯಾವ ಮಳಿ ಅಂತ ಕೇಳು” ಎಂದರು. ಕೇಳಿದೆ. ಜೀನ್‌ಗೆ ಪ್ರಶ್ನೆಯೇ ತಿಳಿಯಲಿಲ್ಲ. ನಮ್ಮಲ್ಲಿ ಹದಿನೈದು ದಿನಕ್ಕೊಂದರಂತೆ ಮಳೆಗೆ ಹೆಸರಿದೆ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ನಕ್ಷತ್ರದ ಲೆಕ್ಕದಲ್ಲಿ ಕರೆಯುತ್ತೇವೆ, ಈಗ ನಮ್ಮ ಊರಲ್ಲಿ ರೋಹಿಣಿ ಹಿಡಿದಿದೆ ಎಂದು ಹೇಳಿದೆ. ಅವರು ಕಣ್ಣರಳಿಸಿ, “ನಮ್ಮಲ್ಲಿ ವರ್ಷವೆಲ್ಲ ಮಳೆ. ಹೆಸರಿಡುತ್ತ ಕೂತರೆ ಹೆಸರೇ ಮುಗಿದುಹೋಗುತ್ತವೆ” ಎಂದರು. “ಇಷ್ಟು ಮಳಿ, ಒಂದಕ್ಕೂ ಹೆಸರಿಲ್ಲ. ಪಾಪ” ಎಂದು ನಮ್ಮ ಯಜಮಾನರು ಆ ದೇಶಕ್ಕಾಗಿ ಮರುಗಿದರು.

ಮೊದಲ ಸಂಜೆಯೇ ಪೇಚು. ನಮ್ಮ ಯಜಮಾನರು ಹೊತ್ತು ಮುಳುಗಿದ ಮೇಲೆ ಕೈಕಾಲು ತೊಳೆದು, ಲಿಂಗಪೂಜೆ ಮಾಡಿಕೊಂಡು ಊಟಕ್ಕೆ ಕೂಡುವವರು. ಮಳೆ ನಿಂತು ಬಿಸಿಲು ಬಂತು. ಬಂದ ಬಿಸಿಲು ಹೋಗಲೇ ಇಲ್ಲ. ಜೀನ್ ಊಟ ಬಡಿಸಿಟ್ಟು ಅದೂ ಆರಿಹೋಯಿತು. ಇವರು ಕುರ್ಚಿ ಹಾಕಿಕೊಂಡು ಸೂರ್ಯನನ್ನೇ ನೋಡುತ್ತ ಕೂತರು.

“ಯಾಕ್ರಿ, ಉಣ್ಣಾಕ ಬರಂಗಿಲ್ಲೇನ್ರಿ?”

“ಹೊತ್ತು ಮುಳುಗವಲ್ದು. ಈ ಊರಾಗ ಸೂರ್ಯಾಗ ಮನಿ ಮಾರು ಐತೋ ಇಲ್ಲೋ?”

ಜೀನ್ ನನ್ನ ಕಿವಿಯ ಹತ್ತಿರ ಬಂದು, “ನಿಮ್ಮವರಿಗೆ ಮೈ ಸರಿಯಿಲ್ಲವೇ?” ಎಂದು ಪಿಸುಗುಟ್ಟಿದರು. ಸಂಗತಿ ಹೇಳಿದೆ. ಅವರು ನೆಟ್ಟಗೆ ಹೋಗಿ ದಪ್ಪ ಪರದೆಯನ್ನು ಸರ್ರೆಂದು ಎಳೆದು, ದೀಪ ಹಚ್ಚಿ, “ಈಗ ಮುಳುಗಿತು” ಎಂದರು. ನಮ್ಮ ಯಜಮಾನರು ಎದ್ದು ಕೈಕಾಲು ತೊಳೆಯಲು ಹೋದರು. “ಶಾಣ್ಯಾ ಅದಾಳ ಅಜ್ಜಿ” ಎಂದರು ಆಮೇಲೆ, ನನ್ನನ್ನು ಒಮ್ಮೆಯೂ ಹಾಗೆ ಅಂದವರಲ್ಲ.

ಊಟದ ಹೊತ್ತಿಗೆ ಜೀನ್ ನನ್ನ ಹೆಸರಿನ ಅರ್ಥ ಕೇಳಿದರು. ನನ್ನ ಹೆಸರು ತಿಪ್ಪವ್ವ. ಡಾಕ್ಟರಾದ ಮೇಲೆ ಬದಲಿಸಿಕೋ ಎಂದವರು ಬಹಳ ಮಂದಿ. ಬದಲಿಸಲಿಲ್ಲ, ಅದು ನನ್ನ ಹಟ. ತಿಪ್ಪೆ ಎಂದರೆ ಸಗಣಿ, ಕಸ ಕೂಡಿಹಾಕುವ ಗೊಬ್ಬರದ ಗುಡ್ಡೆ ಎಂದೆ. ನಗುತ್ತಾರೆ ಅಂದುಕೊಂಡರೆ, “ನನ್ನ ಹಿತ್ತಲಲ್ಲೂ ಒಂದಿದೆ, ಗುಲಾಬಿಗೆ ಬಹಳ ಒಳ್ಳೆಯದು” ಎಂದು ಖುಷಿಪಟ್ಟರು. ಹಿಂದಿನ ಕೂಸು ತೀರಿಕೊಂಡ ಮನೆಯಲ್ಲಿ ಮುಂದಿನದು ಹುಟ್ಟಿದ ಕೂಡಲೇ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುತ್ತಾರೆ, ಕಸವೆಂದು ತಿಳಿದು ಸಾವು ಅದರ ಕಡೆ ನೋಡದಿರಲಿ ಎಂದು ಈ ಹೆಸರಿಡುತ್ತಾರೆ ಎಂದು ಬಿಡಿಸಿ ಹೇಳಿದಾಗ ಅವರ ಮುಖ ಬದಲಾಯಿತು.

“ಹಾಗಾದರೆ ನಿಮಗಿಂತ ಮುಂಚೆ ಒಂದು ಮಗುವಿತ್ತು.”

“ಇತ್ತು.”

“ಅದರ ಹೆಸರು?”

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಕಡೆ ಹೋದ ಕೂಸಿನ ಸುದ್ದಿ ಎತ್ತುವುದಿಲ್ಲ.

ತರಗತಿ

ನಮಗೆ ಕಲಿಸುತ್ತಿದ್ದ ಫಿಯೋನಾ ಎತ್ತರದ ಹೆಂಗಸು, ಮಾತು ಮೆಲ್ಲಗೆ. ಮೊದಲ ದಿನವೇ ಅವರು ತೋರಿಸಿದ್ದನ್ನು ಕಂಡು ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಆ ದೇಶದಲ್ಲಿ ಮುತ್ತಜ್ಜಿಯರ ಕಾಲದಿಂದಲೂ ಹುಟ್ಟಿದ ಪ್ರತಿ ಕೂಸಿನ ದಿನ, ಅದರ ಅಪ್ಪನ ಕೆಲಸ, ಸತ್ತ ಪ್ರತಿಯೊಬ್ಬರ ದಿನ, ಸತ್ತ ಕಾರಣ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಹಡಗಿಗೆ ಮೊಳೆ ಹೊಡೆಯುವವನ ಮಗು, ಬಟ್ಟೆ ಒಗೆಯುವವಳ ಮಗು, ಎಲ್ಲರದೂ ಇದೆ. ನಮ್ಮಲ್ಲಿ ಗಳಗನಾಥದ ಅಂಥ ಗುಡಿಯನ್ನು ಕಡೆದ ಶಿಲ್ಪಿ ಯಾವ ದಿನ ಹುಟ್ಟಿದ, ಏನಾಗಿ ಸತ್ತ ಎಂದು ಹೇಳುವವರಿಲ್ಲ. ಇಲ್ಲಿ ಒಬ್ಬ ಕಲ್ಲಿದ್ದಲು ಹೊರುವವನ ಏಳು ತಿಂಗಳ ಮಗುವಿನ ಕೆಮ್ಮಿಗೂ ಸರ್ಕಾರ ನೆನಪಿಟ್ಟುಕೊಂಡಿದೆ. ನನಗೆ ಕೈಮುಗಿಯಬೇಕು ಅನಿಸಿತು, ಯಾರಿಗೆ ಮುಗಿಯಬೇಕು ತಿಳಿಯಲಿಲ್ಲ.

ಆ ಸಂಜೆ ಫಿಯೋನಾ ನನ್ನನ್ನು ಬೇರೆ ಕರೆದು ಕೂರಿಸಿದರು. ಸುತ್ತಿಬಳಸದೆ ಹೇಳಿದರು: ನಿಮ್ಮ ಮೂರು ತಾಲೂಕಿನ ಮಾಹಿತಿ ತೆಗೆದುಕೊಳ್ಳುವುದು ಕಷ್ಟ. ನಿಮ್ಮ ತಾಯಂದಿರಲ್ಲಿ ಬಹುಪಾಲು ಜನ ಒಂದೇ ತಾರೀಖಿಗೆ ಹುಟ್ಟಿದ್ದಾರೆ, ಜೂನ್ ಒಂದು. ಇದನ್ನು ಯಾರೋ ಮರದ ಕೆಳಗೆ ಕೂತು ತುಂಬಿದಂತಿದೆ.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಹುಡುಗಿಯರು ಬಿಸಿಲಲ್ಲಿ ಕಾಲು ಸವೆಸಿದ್ದಾರೆ, ಯಾರೂ ಮರದ ಕೆಳಗೆ ಕೂತಿಲ್ಲ ಎಂದೆ. ನಮ್ಮಲ್ಲಿ ಹುಟ್ಟಿದ ದಿನ ಬರೆದಿಡದ ಮನೆಗಳೇ ಹೆಚ್ಚು, ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿಬಿಡುತ್ತಾರೆ, ಊರಿಗೆ ಊರೇ ಜೂನ್ ಒಂದಕ್ಕೆ ಹುಟ್ಟಿರುತ್ತದೆ ಎಂದು ತಿಳಿಸಿ ಹೇಳಿದೆ. ಶಾಲೆಗೇ ಹೋಗದ ತಾಯಂದಿರಿಗೆ ನಮ್ಮ ಹುಡುಗಿಯರೂ ಊರ ಪದ್ಧತಿಯಂತೆ ಅದನ್ನೇ ಹಾಕಿದ್ದರು. ತಾರೀಖಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ.

ಅವರು ನಂಬಿದರು. ಆದರೆ ನಂಬಿದ್ದರಿಂದ ಏನೂ ಆಗಲಿಲ್ಲ. “ಪ್ರಾಮಾಣಿಕವಾಗಿ ಬರೆದ ತಪ್ಪೂ ತಪ್ಪೇ, ಡಾಕ್ಟರ್. ನಿಮ್ಮಲ್ಲಿ ಆದಾಯ ಹೇಳುವುದಿಲ್ಲ, ಉದ್ಯೋಗ ಎಲ್ಲರದೂ ಒಂದೇ, ತಾರೀಖೂ ಒಂದೇ. ಯಾವ ಮನೆ ಮೇಲೆ, ಯಾವ ಮನೆ ಕೆಳಗೆ ಎಂದು ನಾನು ಹೇಗೆ ತಿಳಿಯಲಿ? ಕೊನೆಯ ದಿನದೊಳಗೆ ಒಂದು ಅಳತೆ ಹುಡುಕಿಕೊಡಿ.” ನಾನು ಜೀನ್ ಅವರ ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಕಲ್ಲಿನ ಗುಡ್ಡ

ಭಾನುವಾರ ಜೀನ್ ನಮ್ಮನ್ನು ತಮ್ಮ ತಂಗಿಯ ಮನೆಗೆ ರೈಲಿನಲ್ಲಿ ಕರೆದುಕೊಂಡು ಹೋದರು. ಪಟ್ಟಣದ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ರೈಲು. ಈ ರೈಲು ಮುಂದೆ ಹೋದಂತೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಜನರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಫಿಯೋನಾ ಹೇಳಿದ್ದು ತಲೆಯಲ್ಲಿತ್ತು. ನಾನು ಹತ್ತುವವರನ್ನೇ ನೋಡುತ್ತ ಕೂತೆ. ಮೊದಮೊದಲು ಹತ್ತಿದವರು ಎತ್ತರದವರು, ಹಲ್ಲು ಸಾಲಾಗಿದ್ದವರು. ಆಮೇಲಾಮೇಲೆ ಹತ್ತಿದವರ ಭುಜ ಕುಗ್ಗಿತ್ತು, ನನಗಿಂತ ಚಿಕ್ಕವರು ಕೋಲು ಹಿಡಿದಿದ್ದರು. ಒಂದೇ ಪಟ್ಟಣ, ಅದೇ ರೈಲು, ನೆತ್ತಿಯ ಮೇಲೆ ಅದೇ ಮುಳುಗದ ಸೂರ್ಯ. ಹಾವೇರಿಯಿಂದ ರಾಣೆಬೆನ್ನೂರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಎಷ್ಟು ಸಲ ಹೋಗಿದ್ದೇನೆ, ಎದುರಿಗೆ ಕೂತವರ ಭುಜವನ್ನು ಹೀಗೆ ನೋಡಿದವಳಲ್ಲ.

ಮರುದಿನ ಫಿಯೋನಾ ಇಡೀ ತರಗತಿಯನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದರು. ನೋಡಲು ಬಂದಿದ್ದ ನಮ್ಮ ಯಜಮಾನರನ್ನೂ ಬಿಡಲಿಲ್ಲ, ಗುರುತು ಹಾಕಿದ ಒಂದು ಉದ್ದನೆಯ ಕೋಲನ್ನು ಕೈಗೆ ಕೊಟ್ಟರು. ಅದು ಒಂದು ಗುಡ್ಡ. ಗುಡ್ಡದ ತುಂಬ ಕಲ್ಲಿನ ಕಂಬಗಳು, ಕೆಳಗೆ ಅಗಲ, ಮೇಲೆ ಚೂಪು, ಒಂದರ ಹೆಗಲ ಮೇಲೊಂದು ನಿಂತಂತೆ. ಸತ್ತವರ ಊರು ಬದುಕಿದವರ ಊರಿನ ಮೇಲೆ ನಿಂತು ಕೆಳಗೆ ನೋಡುತ್ತಿತ್ತು. ಇಷ್ಟು ಗಂಭೀರವಾದ, ಇಷ್ಟು ಚಂದದ ಸ್ಮಶಾನವನ್ನು ನಾನು ಕಂಡಿಲ್ಲ.

ಕೆಲಸ ಇಷ್ಟೇ. ಕೋಲು ಹಿಡಿದು ಕಂಬದ ಎತ್ತರ ಅಳೆಯುವುದು, ಕಂಬದ ಮೇಲೆ ಕೊರೆದ ಹುಟ್ಟು ಸಾವುಗಳಿಂದ ಆತ ಎಷ್ಟು ವರ್ಷ ಬದುಕಿದ ಎಂದು ಬರೆದುಕೊಳ್ಳುವುದು. ಸಂಜೆಗೆ ಎಲ್ಲರ ಅಳತೆಯನ್ನೂ ಕೂಡಿಸಿ ನೋಡಿದರೆ, ಎತ್ತರದ ಕಂಬದ ಕೆಳಗೆ ಮಲಗಿದವರು ಗಿಡ್ಡ ಕಂಬದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಕಂಬ ಎತ್ತರ ಎಂದರೆ ಮನೆತನ ಎತ್ತರ, ಉಳಿದದ್ದು ಗೊತ್ತೇ ಇದೆ. ಮಳೆಯಲ್ಲಿ ತೊಯ್ದು ನಿಂತಿದ್ದ ನಮ್ಮ ಯಜಮಾನರು ಕೋಲಿಗೆ ಆತುಕೊಂಡು, “ಸತ್ತ ಮ್ಯಾಲೂ ಮಂದಿ ಅಂತಸ್ತು ಬಿಡಂಗಿಲ್ಲ ನೋಡು” ಎಂದರು.

ಫಿಯೋನಾ ಹೇಳಿದ ಒಂದು ಮಾತು ನನ್ನ ಜೊತೆಗೆ ಬಂತು. “ಈ ಕಂಬ ನಿಲ್ಲಿಸಿದವರು ನಮಗೆ ಅಳತೆ ಸಿಗಲಿ ಎಂದು ನಿಲ್ಲಿಸಲಿಲ್ಲ. ಅಂತಸ್ತು ತನ್ನ ಗುರುತನ್ನು ತನಗೇ ತಿಳಿಯದೆ ಎಲ್ಲೋ ಬಿಟ್ಟುಹೋಗಿರುತ್ತದೆ. ಎಲ್ಲಿ ಎಂದು ಆಯಾ ಊರಿನವರೇ ಹುಡುಕಬೇಕು.”

ನನ್ನ ಕಣ್ಣು ಮಾತ್ರ ಎತ್ತರದ ಮೇಲಿರಲಿಲ್ಲ. ಒಬ್ಬ ದೊಡ್ಡ ವರ್ತಕನ ಕಂಬದ ಬುಡದಲ್ಲಿ ಅವನ ಮಕ್ಕಳ ಹೆಸರಿದ್ದವು. ಮಾರ್ಗರೆಟ್, ಏಳು ತಿಂಗಳು. ಜೇಮ್ಸ್, ಒಂದು ವರ್ಷ. ಹಣವಿದ್ದವನ ಮನೆಯಲ್ಲೂ ಕೂಸುಗಳು ಹೋಗಿವೆ. ಆದರೆ ಹೆಸರು ಕಲ್ಲಿನಲ್ಲಿ ಉಳಿದಿದೆ, ನೂರು ವರ್ಷ ದಾಟಿದ ಮೇಲೆ ನನ್ನ ತವರೂರು ಮೋಟೆಬೆನ್ನೂರಿನಿಂದ ಒಬ್ಬ ಹೆಂಗಸು ಬಂದು ಬೆರಳು ಆಡಿಸಿ ಓದುತ್ತಿದ್ದಾಳೆ. ಗುಡ್ಡದ ಕೆಳಗೆ ಒಂದು ಕಡೆ ಬರೀ ಹುಲ್ಲಿತ್ತು. ಅಲ್ಲಿ ಯಾರೂ ಇಲ್ಲವೇ ಎಂದು ಕೇಳಿದೆ. “ಅಲ್ಲೇ ಹೆಚ್ಚು ಜನ ಇರುವುದು. ಅವರಿಗೆ ಕಲ್ಲಿಲ್ಲ ಅಷ್ಟೇ” ಎಂದರು ಫಿಯೋನಾ.

ಜೂನ್ ಒಂದು

ಒಂದು ಮಧ್ಯಾಹ್ನ ತರಗತಿಯ ಬಾಗಿಲು ತೆರೆದು ಕೇಕು ಬಂತು, ಮೇಲೆ ಒಂದೇ ಒಂದು ಮೇಣದಬತ್ತಿ. ಹಿಂದೆ ನಗುತ್ತ ನಮ್ಮ ಯಜಮಾನರು. ಆಫೀಸಿನವರು ಪಾಸ್‌ಪೋರ್ಟಿನಲ್ಲಿ ನನ್ನ ಹುಟ್ಟಿದ ದಿನ ನೋಡಿ ಅವರನ್ನೂ ಕರೆಸಿದ್ದರು. ಜೂನ್ ಒಂದು! ಎಲ್ಲರೂ ಎದ್ದು ಹಾಡಿದರು. ನನಗೆ ಹಾಡು ಮುಗಿಯುವವರೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಯಾರೂ ನನ್ನ ಹುಟ್ಟುಹಬ್ಬ ಮಾಡಿರಲಿಲ್ಲ, ಮಾಡಿದ ಮೊದಲನೆಯದೂ ಸುಳ್ಳು. ಬತ್ತಿ ಆರಿಸಿ, ಚಪ್ಪಾಳೆ ನಿಂತ ಮೇಲೆ ಹೇಳಿಬಿಟ್ಟೆ: “ಇದು ನಾನು ಹುಟ್ಟಿದ ದಿನವಲ್ಲ. ನಾನೂ ಆ ಜೂನ್ ಒಂದರವಳೇ.”

ಫಿಯೋನಾ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಅವರು ನಮ್ಮ ಯಜಮಾನರ ಕಡೆ ತಿರುಗಿ, ನಿಮ್ಮದೂ ಹೀಗೆಯೇ ಎಂದು ಕೇಳಿದರು. ಇವರಿಗೆ ಅಷ್ಟು ಸಿಕ್ಕರೆ ಸಾಕು.

“ನಂದು ಖರೇದು. ಚೌತಿ ಮರುದಿನ ಹುಟ್ಟೇನಿ. ನಮ್ಮಪ್ಪ ಅಯ್ಯನವರನ್ನ ಕರಸಿ ಜಾತಕ ಬರಸಿದ್ದ. ಈಕೀದು ಮಾಸ್ತರು ಧರ್ಮಕ್ಕ ಕೊಟ್ಟದ್ದು ಅಂತ ಹೇಳು ಅವ್ರಿಗೆ.”

ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದವಳು ಅರ್ಧಕ್ಕೇ ನಿಂತೆ. ಇವರದು ಯಾಕೆ ನಿಜ, ನನ್ನದು ಯಾಕೆ ಸುಳ್ಳು? ಇವರು ಬ್ಯಾಡಗಿ ಪೇಟೆಯ ವ್ಯಾಪಾರಸ್ಥರ ಮನೆಯ ಗಂಡುಮಗ. ನಾನು ಮೋಟೆಬೆನ್ನೂರಿನ ಒಕ್ಕಲು ಮನೆಯ ಹೆಣ್ಣುಮಗಳು. ನಮ್ಮ ಓಣಿಯಲ್ಲಿ ಶಾಲೆಗೇ ಹೋಗದ ನನ್ನ ಗೆಳತಿಯರಿಗೆ ಮಾಸ್ತರರ ತಾರೀಖೂ ಸಿಗಲಿಲ್ಲ. ಬರೆದಿಟ್ಟ ಮನೆ, ಮಾಸ್ತರರು ಬರೆದ ಮನೆ, ಯಾರೂ ಬರೆಯದ ಮನೆ. ಮೂರು ಮೆಟ್ಟಿಲು ಕಣ್ಣ ಮುಂದೆಯೇ ನಿಂತಿದ್ದವು. ದೃಷ್ಟಿಗೆ ಹೆದರುವವರೂ ಮರ್ಯಾದೆಗೆ ಹೆದರುವವರೂ ಇದನ್ನು ಮುಚ್ಚಿಡಲಾರರು, ಯಾಕೆಂದರೆ ಇದು ಅಂತಸ್ತಿನ ಗುರುತು ಎಂದು ಅವರಿಗೇ ಗೊತ್ತಿಲ್ಲ. ನಮ್ಮ ಊರಿನ ಕಲ್ಲುಕಂಬ ಇದೇ! ಅದನ್ನು ನಾನು ಅಲ್ಲೇ ನಿಂತು, ಕೇಕಿನ ತಟ್ಟೆ ಹಿಡಿದುಕೊಂಡು, ಉಸಿರು ಬಿಡದೆ ಹೇಳಿದೆ.

ಫಿಯೋನಾ ಚಾಕುವನ್ನು ಕೆಳಗಿಟ್ಟರು. ಆಮೇಲೆ, “ಯಾರೂ ಬರೆಯದವರ ವಯಸ್ಸು ತಿಳಿಯುವುದು ಹೇಗೆ? ತಾಯಿಯ ವಯಸ್ಸು ತಿಳಿಯದೆ ಮುಂದೆ ಹೋಗಲಾರೆ” ಎಂದರು. “ನಿಮ್ಮದನ್ನೇ ಹೇಳಿ. ನೀವು ಹುಟ್ಟಿದ್ದು ಯಾವಾಗ ಎಂದು ಯಾರಿಗೆ ಗೊತ್ತು?”

“ನಮ್ಮ ಅವ್ವನಿಗೆ ಗೊತ್ತಿರಬಹುದು” ಎಂದೆ.

ಅವತ್ತೇ ಜೀನ್ ಅವರ ಪಡಸಾಲೆಯಿಂದ ಮೋಟೆಬೆನ್ನೂರಿಗೆ ಫೋನು ಹಚ್ಚಿದೆ. ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಅವ್ವನ ದನಿ ಬಂತು.

“ಯಾರು? ತಿಪ್ಪೀನೇನ? ಅಲ್ಲೆ ಉಣ್ಣಾಕ ಸಿಗತೈತಿಲ್ಲೋ?”

“ಸಿಗತೈತಿ ಅವ್ವಾ. ಒಂದು ಮಾತು ಕೇಳಬೇಕಾಗೇತಿ. ನಾ ಹುಟ್ಟಿದ್ದು ಯಾವಾಗ?”

“ಅದನ್ನ ಕೇಳಾಕ ಪರದೇಶದಿಂದ ಫೋನ್ ಮಾಡಿಯೇನ? ಇಷ್ಟು ವರ್ಷ ಇಲ್ಲೇ ಇದ್ದಿ, ಕೇಳಲಿಲ್ಲ.”

“ಈಗ ಕೇಳಾಕತ್ತೇನಿ. ಹೇಳವಾ.”

“ಮೆಣಸಿನಕಾಯಿ ಕಣದಾಗ ಬಿದ್ದಿತ್ತು. ಸಂಕ್ರಾಂತಿ ಆಗಿತ್ತು, ಭಾರತ ಹುಣ್ಣಿಮಿ ಇನ್ನಾ ಬಂದಿದ್ದಿಲ್ಲ. ಬುಧವಾರ. ಮುಂಜಾನೆ ಕಾಯಿ ಹರವಿ ಬಂದೆ, ಮಧ್ಯಾಹ್ನಕ್ಕ ನೀ ಹುಟ್ಟಿದಿ. ನನ್ನ ಕೈಗೆಲ್ಲಾ ಖಾರ ಹತ್ತಿತ್ತು. ನಿನ್ನ ಮುಟ್ಟಾಕ ಅಂಜಿದ್ದೆ.”

ಐವತ್ತು ವರ್ಷದ ಹಿಂದಿನ ಒಂದು ಬುಧವಾರ ಅವಳ ಬಾಯಲ್ಲಿ ನಿನ್ನೆಯಂತಿತ್ತು.

“ಮತ್ತ ಮಾಸ್ತರು ಜೂನ್ ಒಂದು ಅಂತ ಬರದಾಗ ಯಾಕ ಸುಮ್ನಿದ್ದಿ?”

“ಅವ್ರು ನಿಮ್ಮಪ್ಪನ್ನ ಕೇಳಿದ್ರು. ನಿಮ್ಮಪ್ಪ ‘ನೀವ ಒಂದು ಹಾಕಿಬಿಡ್ರಿ’ ಅಂದ. ನಾ ಬಾಗಲದ ಹಿಂದ ನಿಂತಿದ್ನಿ. ನನ್ನ ಯಾರು ಕೇಳ್ಯಾರ?” ಹಾಗೆಂದವಳೇ, “ಜೂನ್ ಒಂದಂದ್ರ ಯಾವ ಮಳಿ?” ಎಂದಳು.

“ರೋಹಿಣಿ.”

ಆ ಕಡೆ ಮಕ್ಕಳ ಗದ್ದಲ ಮಾತ್ರ ಕೇಳಿಸಿತು.

“ಹಂಗಾರ ಅದು ಗೌರೀದು” ಎಂದಳು ಅವ್ವ.

“ಯಾವ ಗೌರಿ?”

“ನಿನಗಿಂತ ಮೊದಲಿನಾಕಿ. ರೋಹಿಣಿ ಮಳಿ ಹಿಡದು ವಾರ ಆಗಿತ್ತು ನೋಡು, ಆವಾಗ ಹುಟ್ಟಿದ್ಲು. ‘ರೋಹಿಣಿ ಮಳಿಗೆ ಓಣಿಯೆಲ್ಲಾ ಜೋಳ’ ಅಂತ ನಿಮ್ಮಜ್ಜಿ ಕುಣದಾಡಿದ್ಲು. ಚಂದನ ಹೆಸರಿಟ್ವಿ. ಹುಬ್ಬಿ ಮಳ್ಯಾಗ, ಮೂರು ತಿಂಗಳ ಕೂಸಿದ್ದಾಗ, ವಾಂತಿ ಭೇದಿ ಹತ್ತಿತು, ಎರಡ ದಿನದಾಗ ಹೋದ್ಲು. ಹೊಲದ ಬದುವಿನ್ಯಾಗ ಬನ್ನಿ ಗಿಡದ ಬುಡಕ್ಕ ಇಟ್ವಿ. ಅದಕ್ಕ ನಿನ್ನ ತಿಪ್ಪಿ ಮ್ಯಾಲೆ ಮಲಗಿಸಿ ಎತ್ಕೊಂಡಿದ್ದು.”

ಒಂದು ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ, ಕಾಸಿ ಆರಿಸಿದ ನೀರು. ಅಷ್ಟಿದ್ದರೆ ಆ ಕೂಸು ಉಳಿಯಬಹುದಿತ್ತು. ಅದನ್ನು ಹೇಳುವವರು ಒಬ್ಬರು ಆ ವಾರ ಬಾಗಿಲಿಗೆ ಬಂದಿದ್ದರೆ ಸಾಕಿತ್ತು. ನಾನು ಫೋನು ಇಟ್ಟು ಕೂತೆ. ಏನಾಯಿತು ಎಂದು ಜೀನ್ ಕೇಳಿದರು.

“ನನ್ನ ಅಕ್ಕನ ಹೆಸರು ಗೌರಿ. ಜೂನ್ ಒಂದು ಅವಳು ಹುಟ್ಟಿದ ದಿನ” ಎಂದೆ. ಅವರು ನನ್ನ ಪಕ್ಕದಲ್ಲಿ ಬಂದು ಕೂತು ಕೈ ಹಿಡಿದುಕೊಂಡರು. ನಮ್ಮ ಯಜಮಾನರು ಅಂದು ಮೊದಲ ಸಲ ಬಿಸಿಲಿರುವಾಗಲೇ, ಪರದೆ ಎಳೆಯದೆ, ಲಿಂಗಪೂಜೆಗೆ ಕೂತರು.

ಕೊನೆಯ ದಿನ

ಕೊನೆಯ ದಿನ ನಾನು ಹೇಳಿದ್ದು ಎರಡೇ ಮಾತು. ತಾರೀಖನ್ನು ಯಾರು ಬರೆದರು ಎಂದು ಕೇಳುತ್ತೇವೆ, ಮನೆಯ ಮೆಟ್ಟಿಲು ಅದರಿಂದ ತಿಳಿಯುತ್ತದೆ. ವಯಸ್ಸಿಗೆ ತಾಯಿಯ ತಾಯಿಯನ್ನು ಕೇಳುತ್ತೇವೆ, ತಾರೀಖಲ್ಲ, ಮಳೆ ಯಾವುದಿತ್ತು, ಮಳೆಯಿಲ್ಲದ ದಿನವಾದರೆ ಹಬ್ಬ ಯಾವುದಿತ್ತು ಎಂದು. ಅದು ಗೊತ್ತಾದರೆ ಹದಿನೈದು ದಿನದೊಳಗಿನ ಲೆಕ್ಕ ಸಿಕ್ಕಿತು. ಯಾವ ವರ್ಷ ಎಂಬುದನ್ನು ಅವಳೇ ಬರ ಬಿದ್ದದ್ದು, ಕೆರೆ ಕೋಡಿ ಬಿದ್ದದ್ದು ಹೇಳಿ ಕಟ್ಟಿಕೊಡುತ್ತಾಳೆ. ನಮ್ಮ ಹುಡುಗಿಯರು ಎಲ್ಲ ಮನೆಗೂ ಮತ್ತೊಮ್ಮೆ ಹೋಗುತ್ತಾರೆ.

ಅಧ್ಯಯನದವರಲ್ಲಿ ಒಬ್ಬರು ಅಡ್ಡ ಮಾತು ತೆಗೆದರು: ಈಗ ಎಲ್ಲ ಆಸ್ಪತ್ರೆಯಲ್ಲೇ ಹುಟ್ಟುತ್ತಿದ್ದಾರೆ, ಮುಂದಿನ ಪೀಳಿಗೆಗೆ ಈ ಅಳತೆ ನಡೆಯುವುದಿಲ್ಲ. ನಡೆಯುವುದು ಬೇಡ, ನಡೆಯದಿದ್ದರೇ ಒಳ್ಳೆಯದು ಎಂದೆ. ಫಿಯೋನಾ ನಕ್ಕರು. ಆಮೇಲೆ ಎದ್ದು ನಿಂತು, “ನಾವು ಮಳೆಗೆ ಹೆಸರಿಡದ ಜನ. ಒಬ್ಬ ತಾಯಿ ಐವತ್ತು ವರ್ಷದ ಹಿಂದಿನ ಬುಧವಾರವನ್ನು ಇಟ್ಟುಕೊಂಡಿರುತ್ತಾಳೆ ಎಂದು ನಮಗೆ ಹೊಳೆದಿರಲಿಲ್ಲ” ಎಂದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಸೇರಿದವು. ಸೇರಿದ ಸುದ್ದಿ ಕೇಳಿ ನನಗೆ ಅಳು ಬಂತು, ಅತ್ತೆ. ಅಲ್ಲಿ ಅಳುವವರನ್ನು ನೋಡಿದರೂ ಕ್ಷಮೆ ಕೇಳುತ್ತಾರೆ.

ಹೊರಡುವಾಗ ಜೀನ್ ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಆ ಕೇಕಿನ ಅರ್ಧ ಉರಿದ ಮೇಣದಬತ್ತಿ. ಅದನ್ನು ತಟ್ಟೆಯ ಜೊತೆ ಮನೆಗೆ ತಂದವರು ನಮ್ಮ ಯಜಮಾನರು, ಎತ್ತಿಟ್ಟವರು ಜೀನ್. “ಇದು ನಿಮ್ಮ ಅಕ್ಕನದು” ಎಂದರು.

ಮೋಟೆಬೆನ್ನೂರು

ಮರುವರ್ಷದ ಬೇಸಿಗೆಯಿಂದ ನಮ್ಮ ಮೂರು ತಾಲೂಕಿನ ಓಣಿಗಳಲ್ಲಿ ನರ್ಸುಗಳು ಚೀಲ ಹಾಕಿಕೊಂಡು ಓಡಾಡತೊಡಗಿದರು. ಜೂನ್ ಒಂದಕ್ಕೆ ನಾನು ಮೋಟೆಬೆನ್ನೂರಿಗೆ ಹೋದೆ. ಹಿಂದಿನ ದಿನವಷ್ಟೇ ರೋಹಿಣಿ ಹೊಡೆದಿತ್ತು, ಅಣ್ಣ ಬಿತ್ತನೆಯ ಗಡಿಬಿಡಿಯಲ್ಲಿದ್ದ. ಅವ್ವ ಗೋಧಿ ಹುಗ್ಗಿ ಮಾಡಿದ್ದಳು. ಇಬ್ಬರೂ ಡಬ್ಬಿ ಹಿಡಿದುಕೊಂಡು ಹೊಲದ ಬದುವಿಗೆ ನಡೆದೆವು. ಬನ್ನಿ ಗಿಡದ ಬುಡದಲ್ಲಿ ಕಲ್ಲೂ ಇಲ್ಲ, ಗುರುತೂ ಇಲ್ಲ. ಅವ್ವ ಮಾತ್ರ ತಡವರಿಸದೆ ಹೋಗಿ ಒಂದು ಜಾಗದಲ್ಲಿ ಕೂತಳು.

ನಾನು ಜೀನ್ ಕೊಟ್ಟ ಬತ್ತಿಯನ್ನು ಹಸಿಮಣ್ಣಿಗೆ ಊರಿ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು, ಮೂರನೆಯ ಸಲ ಅವ್ವ ಸೆರಗು ಅಡ್ಡ ಹಿಡಿದಳು. ಗ್ಲಾಸ್ಗೋದ ಕಲ್ಲಿನ ಕಂಬಗಳ ಸುದ್ದಿ, ಮಕ್ಕಳ ಹೆಸರು ಕೆತ್ತಿದ ಸುದ್ದಿ ಹೇಳಿದೆ. ಕೇಳಿಸಿಕೊಂಡಳು. ಒಂದು ಎಲೆಗೆ ಹುಗ್ಗಿ ಬಡಿಸಿ ಬತ್ತಿಯ ಮುಂದೆ ಇಟ್ಟೆ. ಅವ್ವ ಆ ಎಲೆಯನ್ನು ಎತ್ತಿ ನನ್ನ ಮುಂದೆ ಸರಿಸಿದಳು.

“ಆಕೀಗೆ ಹುಗ್ಗಿ ತಿನ್ನೋ ವಯಸ್ಸ ಆಗಿದ್ದಿಲ್ಲ ತಿಪ್ಪಿ. ನೀನ ತಿನ್ನು.”